ನಳದ ನೀರು, ಶಾಲೆಯ ಸಸಿ

ನಮ್ಮ ಸೊಲ್ಲಾಪುರಕ್ಕೆ ಭೀಮಾ ನದಿಯ ಉಜನಿ ಜಲಾಶಯವೇ ಮುಖ್ಯ ಆಧಾರ. ವರ್ಷಗಟ್ಟಲೆ ನಾಲ್ಕೈದು ದಿನಕ್ಕೊಮ್ಮೆ ನಳ ಬಂದ ಊರಿದು. ನೀರಿನ ದಿನ ಮಕ್ಕಳು ತಡವಾಗಿ ಬಂದರೆ ನಾವು ಶಿಕ್ಷಕರು ಕಾರಣ ಕೇಳುವುದಿಲ್ಲ.

2016ರ ಬರದಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು. ಅದೇ ಏಪ್ರಿಲ್‌ನಲ್ಲಿ ಮುಂಬಯಿ ಹೈಕೋರ್ಟು, ಮೈದಾನಕ್ಕೆ ಸುರಿಯುವ ನೀರಿನ ಪ್ರಶ್ನೆ ಬಂದಾಗ, ಮೇ ತಿಂಗಳ ಐಪಿಎಲ್ ಪಂದ್ಯಗಳನ್ನೇ ಮಹಾರಾಷ್ಟ್ರದಿಂದ ಹೊರಗೆ ಒಯ್ಯಲು ಹೇಳಿತು.

ಬರದಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದೆಂಬುದು ಸರಿಯೇ. ಹಾಗೆಂದು ಶಾಲೆಯ ಬೇವಿನ ಸಸಿಗಳು ಒಣಗಬೇಕೇ? ಖಿಚಡಿಯ ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಸಂಜೆ ಬುಡಕ್ಕೆ ಹಾಕುತ್ತೇವೆ, ಮೇಲೆ ಒಣ ಎಲೆ ಹರಡುತ್ತೇವೆ. ರಜೆಯಲ್ಲಿ ಖಿಚಡಿ ಇಲ್ಲ. ಆಗ ಪಾಳಿಯ ಮಕ್ಕಳು ಮನೆಯಲ್ಲಿ ಕಾಯಿಪಲ್ಲೆ ತೊಳೆದ ನೀರನ್ನು ತಂಬಿಗೆಯಲ್ಲಿ ತರುತ್ತಾರೆ. ಆ ಒಂದು ತಂಬಿಗೆಯೂ ತಾಯಂದಿರು ಲೆಕ್ಕ ಹಾಕಿ ಕೊಟ್ಟದ್ದು.