ಹೊಗೆಯೂ ಹಕ್ಕಿಯೂ

ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದು ಹೋಗುವವರಿಗೆ ಹಂಗಳದ ಬಳಿ ಬಲಗಡೆಗೆ ಹಿಮವದ್ಗೋಪಾಲಸ್ವಾಮಿಯ ಬೆಟ್ಟದ ದಾರಿ ಕವಲೊಡೆಯುತ್ತದೆ. ಬೆಟ್ಟದ ಎತ್ತರ ೧,೪೫೪ ಮೀಟರು. ಅಲ್ಲಿ ದೇವರ ಗುಡಿಯನ್ನೇ ಮಂಜು ಮುಚ್ಚಿಬಿಡುವುದುಂಟು. ಆದರೆ ೨೦೧೯ನೆಯ ಇಸವಿ ಫೆಬ್ರವರಿಯ ಕಡೆಯಲ್ಲಿ ಆ ಬೆಟ್ಟದ ಸುತ್ತ ಕವಿದುದು ಮಂಜಲ್ಲ, ಹೊಗೆ. ಬಂಡೀಪುರದ ಕಾಡಿಗೆ ಬಿದ್ದ ಬೆಂಕಿ ಕೆಲವು ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಮೀರಿದ ನೆಲವನ್ನು ಸುಟ್ಟಿತು. ಒಣಗಿದ ಹುಲ್ಲೂ, ಹೊರನಾಡಿನಿಂದ ಬಂದು ಹಬ್ಬಿದ ಲಂಟಾನದ ಪೊದೆಯೂ ಅದಕ್ಕೆ ಸೌದೆಯಾದುವು.

ಬೆಂಕಿ ಆರಿದ ಮೇಲೆ ನಾವು ಮನೆಮಂದಿಯೆಲ್ಲ ಅತ್ತ ಹೋಗಿದ್ದೆವು. ಕರಿಯ ಇಳಿಜಾರನ್ನು ನೋಡಿ ನನ್ನ ಮಗಳು, "ಅಪ್ಪಾ, ಹಕ್ಕಿಗೆ ರೆಕ್ಕೆಯಿದೆಯಲ್ಲ, ಅದಕ್ಕೇನು ಭಯ?" ಎಂದಳು. ನಾನೂ ಹೌದೆಂದು ತಲೆದೂಗಿದೆ. ಆ ಉತ್ತರ ತಪ್ಪೆಂಬುದು ಆಮೇಲೆ ತಿಳಿಯಿತು.

ನಾವು ಸೆಳೆದ ಗಾಳಿ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಹಕ್ಕಿಯ ಒಡಲಿನಲ್ಲಿಯಾದರೋ ಶ್ವಾಸಕೋಶದೊಡನೆ ತೆಳುವಾದ ಗಾಳಿಚೀಲಗಳಿವೆ. ಉಸಿರು ಸೆಳೆದಾಗಲೂ ಬಿಟ್ಟಾಗಲೂ ಗಾಳಿ ಶ್ವಾಸಕೋಶದ ಮೂಲಕ ಒಂದೇ ದಿಕ್ಕಿಗೆ ಹರಿಯುತ್ತದೆ. ಹಾರುವ ಶ್ರಮಕ್ಕೆ ಬೇಕಾದ ಪ್ರಾಣವಾಯು ಹೀಗೆ ದೊರೆಯುವುದು. ಒಳ್ಳೆಯ ಗಾಳಿಯನ್ನು ಬೇಗ ಹೀರುವ ಒಡಲು ಕೆಟ್ಟುದನ್ನೂ ಬೇಗ ಹೀರುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷವಾಯುವನ್ನರಿಯಲು ೧೯೮೬ರವರೆಗೂ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದುದು ಇದರಿಂದಲೇ.

ಇನ್ನು ರೆಕ್ಕೆಯ ಮಾತು. ೨೦೨೦ರಲ್ಲಿ ಅಲಾಸ್ಕಾದಿಂದ ದಕ್ಷಿಣಕ್ಕೆ ವಲಸೆ ಹೊರಟ ನಾಲ್ಕು ಹೆಬ್ಬಾತುಗಳ ಜಾಡನ್ನು ವಿಜ್ಞಾನಿಗಳು ಯಂತ್ರದ ಮೂಲಕ ಗುರುತಿಸಿದರು. ಅಮೆರಿಕದ ಪಶ್ಚಿಮ ತೀರದ ಕಾಡ್ಗಿಚ್ಚಿನ ಹೊಗೆ ಅವುಗಳ ದಾರಿಗಡ್ಡವಾಯಿತು. ಸುತ್ತಿ ಬಳಸಿ ಹಾರಿ, ನಾಲ್ಕು ದಿನದ ಪಯಣಕ್ಕೆ ಒಂಬತ್ತು ದಿನ ಹಿಡಿಯಿತು. ೭೫೭ ಕಿಲೋಮೀಟರು ಹೆಚ್ಚಾಯಿತು. ರೆಕ್ಕೆಯಿದ್ದರೂ ಹೊಗೆಗೆ ಸುಂಕ ತೆರಲೇಬೇಕು.

ಎಲ್ಲ ಹಕ್ಕಿಯೂ ಬೆಂಕಿಗೆ ಅಂಜುವುದಿಲ್ಲವೆಂಬುದೂ ನಿಜ. ಉರಿಯ ಅಂಚಿನಿಂದೇಳುವ ಹುಳುಗಳನ್ನು ಹಿಡಿಯಲು ಕಾಜಾಣವೂ ನೀಲಕಂಠವೂ ಹೊಗೆಯ ಬಳಿಗೇ ಬರುತ್ತವೆ. ಆದರೆ ನಮ್ಮ ಕಾಡುಕೋಳಿ ನೆಲದ ಮೇಲೆ ಮೊಟ್ಟೆಯಿಡುವ ಕಾಲ ಬೇಸಗೆಯೇ. ಕಾಡಿಗೆ ಬೆಂಕಿ ಬೀಳುವ ಕಾಲವೂ ಅದೇ. ತಾಯಿ ಹಾರೀತು, ಮೊಟ್ಟೆಗೆ ರೆಕ್ಕೆಯೆಲ್ಲಿ?

ಈ ಮಾತನ್ನು ಮಗಳಿಗೆ ಹೇಳಿ ನನ್ನ ತಪ್ಪನ್ನೊಪ್ಪಿಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬೆಂಕಿ ಹಚ್ಚುವವರು ಯಾರಪ್ಪಾ?" ಎಂದಳು. ನಮ್ಮ ಕಾಡುಗಳಲ್ಲಿ ಅದು ಬಹುಮಟ್ಟಿಗೆ ಮನುಷ್ಯನ ಕೈಯಿಂದಲೇ ಬೀಳುವುದು. ಈ ಸಲ ತಲೆದೂಗಿ ತಪ್ಪಿಸಿಕೊಳ್ಳದೆ, ಹಾಗೆಂದೇ ಹೇಳಿದೆ.