ತಲುಪದೆ ಉಳಿದ ಪತ್ರ

ಹನು ರಾಘವಪುಡಿಯವರು ನಿರ್ದೇಶಿಸಿದ ತೆಲುಗಿನ ‘ಸೀತಾ ರಾಮಂ’ (2022) ಚಿತ್ರದಲ್ಲಿ ಎರಡು ಕಾಲಗಳಿವೆ. 1964ರಲ್ಲಿ, ಅನಾಥನಾದ ಸೈನ್ಯಾಧಿಕಾರಿ ರಾಮನಿಗೆ ಸೀತಾಮಹಾಲಕ್ಷ್ಮಿಯೆಂಬಾಕೆ ಪತ್ನಿಯೆಂದೇ ಹೇಳಿಕೊಂಡು ಪತ್ರ ಬರೆಯುತ್ತಾಳೆ. 1985ರಲ್ಲಿ, ತಾತನ ಆಸ್ತಿ ಕೈಸೇರಬೇಕೆಂಬ ಒಂದೇ ಕಾರಣಕ್ಕೆ ಅಫ್ರೀನ್ ಎಂಬ ತರುಣಿ, ಇಪ್ಪತ್ತು ವರ್ಷ ತಲುಪದೆ ಉಳಿದ ರಾಮನ ಪತ್ರವನ್ನು ಹಿಡಿದು ಸೀತೆಯನ್ನು ಅರಸುತ್ತಾಳೆ.

ಹಳೆಯ ಪ್ರೇಮ ನಿರ್ಮಲ, ಹೊಸ ತಲೆಮಾರು ಸ್ವಾರ್ಥಿ ಎಂದುಬಿಡುವುದು ಸುಲಭ. ನನ್ನ ಮನಸ್ಸು ಅದನ್ನು ಒಪ್ಪದು. ಸೀತೆ ವಾಸ್ತವವಾಗಿ ರಾಜಕುಮಾರಿ ನೂರ್ ಜಹಾನ್. ಪ್ರೀತಿಸಿದವನಿಂದಲೇ ಅದನ್ನು ಮರೆಮಾಚಿದಳು. ಪ್ರೀತಿಗಾಗಿ ಆಡಿದರೂ ಸುಳ್ಳು ಸುಳ್ಳೇ. ಅತ್ತ ಹಣಕ್ಕಾಗಿ ಹೊರಟ ಅಫ್ರೀನ್, ಬಾಲ್ಯದಲ್ಲಿ ತನ್ನ ಪ್ರಾಣ ಉಳಿಸಿದವನು ಇದೇ ರಾಮನೆಂದು ತಿಳಿದು ಕರಗಿಹೋಗುತ್ತಾಳೆ. ಆ ಕಣ್ಣೀರು ಹೊಸಕಾಲದ್ದೆಂದು ಕಡೆಗಣಿಸಬಹುದೆ?

ಇನ್ನು ರಾಮ. ಆ ಕೊನೆಯ ಪತ್ರದಲ್ಲಿ ಅವನು ಅವಳನ್ನು ನೂರ್ ಜಹಾನ್ ಎಂದೇ ಕರೆದಿದ್ದಾನೆ. ಗುಟ್ಟು ಅವನಿಗೆ ತಿಳಿದಿತ್ತು.