ಅಪ್ಪನ ಹಂಗೇರಿ ಪಿಟೀಲು

ಹೋದ ಭಾನುವಾರ ಊಟ ಮುಗಿಸಿ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಆರನೇ ಕ್ಲಾಸಿನ ಮೊಮ್ಮಗಳು ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದವಳು, "ತಾತಾ, ಮುತ್ತಾತ ಕೇಳ್ತಿದ್ರು ಅಂತಿದ್ಯಲ್ಲ, ಆ ಪಿಟೀಲು ಸಿಕ್ತು" ಎಂದು ಹಾಕಿಯೇಬಿಟ್ಟಳು. ಅವಳೂ ಪಿಟೀಲು ಕಲಿಯುತ್ತಿದ್ದಾಳೆ. ಈಗ ವರ್ಣದವರೆಗೆ ಬಂದಿದ್ದಾಳೆ.

ಸುಮಾರು ಐವತ್ತು ವರ್ಷದ ಮೇಲೆ ಅದನ್ನು ಕೇಳುತ್ತಿದ್ದೆ. ಎರಡು ನಿಮಿಷ ಆಗಿತ್ತೇನೋ, ಅವಳು "ತಾತಾ, ಯಾಕೆ ಬೆರಳಲ್ಲಿ ತಟ್ತಾ ಇದೀಯ? ಈ ಸಂಗೀತಕ್ಕೂ ನಿನ್ನ ತಾಳಕ್ಕೂ ಸಂಬಂಧಾನೇ ಇಲ್ಲ" ಅಂದಳು. ನೋಡಿಕೊಂಡೆ. ಹೌದು, ನನ್ನ ತೋರುಬೆರಳು ಕುರ್ಚಿಯ ಕೈಯನ್ನು ಟಿಕ್, ಟಿಕ್ ಎಂದು ಬಡಿಯುತ್ತಿತ್ತು. ಆ ತಾಳ ಎಲ್ಲಿಂದ ಬಂತು ಎನ್ನುವುದು ನನಗೊಬ್ಬನಿಗೇ ಗೊತ್ತು. ಅದನ್ನು ಹೇಳಬೇಕಾದರೆ ಅಪ್ಪನ ವಿಷಯದಿಂದ ಶುರು ಮಾಡಬೇಕು.

ನಮ್ಮಪ್ಪ ಮೈಸೂರಿನಲ್ಲಿ ಅಂಚೆ ಇಲಾಖೆಯಲ್ಲಿದ್ದರು. ಕಾಗದಗಳನ್ನು ಊರೂರಿಗೆ ಬೇರ್ಪಡಿಸಿ ಚೀಲಕ್ಕೆ ಹಾಕುವ ಕೆಲಸ. ಅವರಿಗೆ ಶಾಸ್ತ್ರೋಕ್ತ ಸಂಗೀತ ಬರುತ್ತಿರಲಿಲ್ಲ, ಆದರೆ ಕಿವಿ ಚೆನ್ನಾಗಿತ್ತು. ಆಗಿನ ಮೈಸೂರಿನಲ್ಲಿ ನಮ್ಮ ಸಂಗೀತದ ಜೊತೆ ಪಾಶ್ಚಾತ್ಯ ಸಂಗೀತವೂ ಕಿವಿಗೆ ಬೀಳುತ್ತಿತ್ತು. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಇತ್ತು. ಜಯಚಾಮರಾಜ ಒಡೆಯರಿಗಂತೂ ಆ ಸಂಗೀತದಲ್ಲಿ ಎಷ್ಟು ಆಸಕ್ತಿ ಎಂದರೆ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರಾದರು. ಅರಮನೆಯ ಬ್ಯಾಂಡಿನಲ್ಲಿ ಪಿಟೀಲು ನುಡಿಸುತ್ತಿದ್ದವರೊಬ್ಬರು ನಮ್ಮ ಬೀದಿಯಲ್ಲಿದ್ದರು. ಅವರು ಊರು ಬಿಟ್ಟು ಹೊರಟಾಗ ತಮ್ಮ ಗ್ರಾಮಫೋನನ್ನೂ ಒಂದಿಷ್ಟು ಪ್ಲೇಟುಗಳನ್ನೂ ಅಪ್ಪನಿಗೆ ಕೊಟ್ಟರು. ದುಡ್ಡನ್ನು ಅಪ್ಪ ಮೂರು ಕಂತಿನಲ್ಲಿ ತೀರಿಸಿದರಂತೆ. ಅಮ್ಮ ಅದನ್ನು ಕೊನೆಯವರೆಗೂ ಮರೆಯಲಿಲ್ಲ.

ಆ ಪ್ಲೇಟುಗಳಲ್ಲಿ ಒಂದು ಅಪ್ಪನ ಪ್ರಾಣ. ಅದರ ಹೆಸರು 'ಜಿಗಾಯ್ನರ್‌ವೈಸೆನ್', ಅಂದರೆ ಜಿಪ್ಸಿ ರಾಗಗಳು. ನುಡಿಸಿದವರು ಯಾಶಾ ಹೈಫೆಟ್ಸ್. ಒಂದು ಬದಿಯಲ್ಲಿ ನಿಧಾನದ ಭಾಗ. ಪಿಟೀಲು ಕೆಳಗಿನ ತಂತಿಯಿಂದ ಎದ್ದು, ಯಾರೋ ದುಃಖ ತಡೆದುಕೊಂಡು ಮಾತಾಡಿದ ಹಾಗೆ ನಿಂತು ನಿಂತು ಹೋಗುತ್ತದೆ. ಇನ್ನೊಂದು ಬದಿಯ ಕೊನೆಯಲ್ಲಿ ಕುದುರೆ ಓಟ. ಕಮಾನು ಒಂದು ಕಡೆ ಓಡುತ್ತಿರುವಾಗಲೇ ಎಡಗೈಯ ಬೆರಳುಗಳು ತಂತಿ ಮೀಟುತ್ತವೆ. ಹಂಗೇರಿಯ ಚಾರ್ದಾಶ್ ಎಂಬ ಕುಣಿತದ ರೀತಿಯೇ ಇದು, ಮೊದಲು ನಿಧಾನ, ಆಮೇಲೆ ವೇಗ. ಅವರ ಭಾಷೆಯಲ್ಲಿ ಚಾರ್ದಾ ಎಂದರೆ ದಾರಿಬದಿಯ ಹೋಟೆಲು. ಅಂಥ ಕಡೆಗಳಲ್ಲಿ ಜಿಪ್ಸಿಗಳು ಗಿರಾಕಿಯ ಮೇಜಿನ ಹತ್ತಿರವೇ ಬಂದು ನಿಂತು ಪಿಟೀಲು ನುಡಿಸುತ್ತಿದ್ದರು.

ಮಕ್ಕಳೇ, ಇಲ್ಲೊಂದು ತಮಾಷೆ ಕೇಳಿ. ಈ ಹಂಗೇರಿ ಸಂಗೀತವನ್ನು 1878ರಲ್ಲಿ ರಚಿಸಿದವರು ಸ್ಪೇನಿನ ಪಿಟೀಲು ವಿದ್ವಾಂಸ ಸಾರಾಸಾತೆ. ನುಡಿಸಿದ ಹೈಫೆಟ್ಸ್ ಹುಟ್ಟಿದ್ದು ಇಂದಿನ ಲಿಥುವೇನಿಯಾದಲ್ಲಿ. ವಾದ್ಯವೃಂದ ಲಂಡನ್ನಿನದು, ಕೇಳುವವರು ಮೈಸೂರಿನವರು. ಇನ್ನು ಪ್ಲೇಟನ್ನು ಮಾಡುತ್ತಿದ್ದದ್ದು ಅರಗಿನಿಂದ. ಕೌರವರು ಪಾಂಡವರಿಗೆ ಮನೆ ಕಟ್ಟಿಸಿದರಲ್ಲ, ಅದೇ ಅರಗು. ಆ ಕಾಲದಲ್ಲಿ ಜಗತ್ತಿಗೆಲ್ಲ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದ ಕಾಡುಗಳಿಂದಲೇ.

ಅಷ್ಟೇ ಅಲ್ಲ, ಜಿಪ್ಸಿಗಳು ಎಂದು ಜನ ಕರೆಯುವ ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತದಿಂದ ಹೊರಟವರು. ಅವರ ಮಾತಿನಲ್ಲಿ ಇಂದಿಗೂ ನೀರಿಗೆ 'ಪಾನಿ', ಮೂಗಿಗೆ 'ನಾಕ್', ಮನುಷ್ಯನಿಗೆ 'ಮನುಷ್'. ಇದನ್ನು ಓದಿದಾಗ ಅಪ್ಪ ಬದುಕಿರಲಿಲ್ಲ. ಇದ್ದಿದ್ದರೆ ಬೀದಿಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಆದರೆ ಅದರ ಗುಟ್ಟು ಸ್ವಲ್ಪ ಅವರಿಗೆ ಮೊದಲೇ ಸಿಕ್ಕಿತ್ತು. ಒಮ್ಮೆ ಪಕ್ಕದ ಮನೆಯ ಸಂಗೀತದ ಮೇಷ್ಟ್ರು ಜಗಲಿಯಲ್ಲಿ ನಿಂತು ಕೇಳಿ, "ರಾಯರೇ, ಇದೇನ್ರೀ ಸಿಂಹೇಂದ್ರಮಧ್ಯಮದ ವಾಸನೆ ಬರ್ತಿದೆ!" ಎಂದಿದ್ದರು. ಮೇಷ್ಟ್ರು ಹೇಳಿದ್ದು ಸರಿ. ಹಂಗೇರಿಯನ್ ಮೈನರ್ ಎಂಬ ಸ್ವರಶ್ರೇಣಿಯಲ್ಲೂ ನಮ್ಮ 57ನೇ ಮೇಳಕರ್ತ ಸಿಂಹೇಂದ್ರಮಧ್ಯಮದಲ್ಲೂ ಇರುವುದು ಅವೇ ಏಳು ಸ್ವರಗಳು. ಗಮಕ ಬೇರೆ, ನಡೆ ಬೇರೆ, ಅಷ್ಟೇ.

ಅಪ್ಪ ಹಂಗೇರಿಯನ್ನು ನೋಡಿದವರಲ್ಲ. ಎಂದಾದರೊಮ್ಮೆ ಅಲ್ಲಿಯ ಅಂಚೆಚೀಟಿಯ ಲಕೋಟೆ ಕೈಗೆ ಸಿಕ್ಕಿದರೆ ಸಂಜೆ ಮನೆಗೆ ಬಂದು "ಇವತ್ತು ಮಗ್ಯಾರ್ ಪೋಸ್ತಾ ಬಂದಿತ್ತು" ಎನ್ನುತ್ತಿದ್ದರು. ಆಗ ಅಲ್ಲಿಯ ಚೀಟಿಯ ಮೇಲೆ ಹಾಗೆ ಬರೆದಿರುತ್ತಿತ್ತು. ಹಂಗೇರಿಯವರು ತಮ್ಮನ್ನು ಕರೆದುಕೊಳ್ಳುವುದು ಆ ಹೆಸರಿನಿಂದಲೇ, ಉಚ್ಚಾರ ಮಾತ್ರ ಬೇರೆ. 1956ರ ನವೆಂಬರಿನಲ್ಲಿ ಬುಡಾಪೆಸ್ಟ್ ನಗರಕ್ಕೆ ರಷ್ಯಾದ ಟ್ಯಾಂಕುಗಳು ನುಗ್ಗಿದವು. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟು ಓಡಿದರು. ನನಗಾಗ ಆರು ವರ್ಷ. ಅಪ್ಪ ಪತ್ರಿಕೆ ಮಡಿಸಿಟ್ಟು ನಿಧಾನದ ಬದಿಯನ್ನು ಮಾತ್ರ ಹಾಕಿ ಕೇಳಿದ್ದು ನೆನಪಿದೆ. ಇನ್ನೊಂದು ಬದಿ ಹಾಕಿ ಎಂದು ಹಟ ಮಾಡಿದೆ. "ಇವತ್ತು ಬೇಡ ಮಗು" ಅಂದರು.

ಗ್ರಾಮಫೋನು ಹಾಡುತ್ತಿದ್ದದ್ದು ಭಾನುವಾರ ಸಂಜೆ ಮಾತ್ರ. ಕೀಲಿ ತಿರುಗಿಸುವುದು ನನ್ನ ಕೆಲಸ. ಹೊಸ ಮುಳ್ಳು ಹಾಕುವುದು, ಪ್ಲೇಟನ್ನು ಹಳೆ ಪಂಚೆಯಲ್ಲಿ ಒರೆಸುವುದು, ಮುಗಿದ ಮೇಲೆ ಮರದ ಪೆಟ್ಟಿಗೆಗೆ ಇಟ್ಟು ಹಿತ್ತಾಳೆ ಕೊಕ್ಕೆ ಬಿಗಿಯುವುದು, ಇದೆಲ್ಲ ಅಪ್ಪನದು. ಪೆಟ್ಟಿಗೆಯನ್ನು ನಾವು ಯಾರೂ ಮುಟ್ಟುವ ಹಾಗಿರಲಿಲ್ಲ.

ನನಗೆ ಹನ್ನೊಂದು ವರ್ಷವಾಗಿದ್ದಾಗ ನಾನು ಮುಟ್ಟಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಸ್ನೇಹಿತನಿಗೆ ತೋರಿಸಿ ಜಂಬ ಕೊಚ್ಚಿಕೊಳ್ಳುವ ಆಸೆ. ಪ್ಲೇಟು ಕೈಜಾರಿತು. ಎರಡು ಹೋಳಾಗಲಿಲ್ಲ, ಆದರೆ ಅಂಚಿನಿಂದ ನಡುವಿನ ಕಾಗದದವರೆಗೆ ಕೂದಲೆಳೆಯಂಥ ಬಿರುಕು ಬಿಟ್ಟಿತು. ಹಾಗೇ ಕವರಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟು, ಕೊಕ್ಕೆ ಹಾಕಿ, ಆ ವಾರವೆಲ್ಲ ದೇವರಿಗೆ ಕೈಮುಗಿದೆ.

ಭಾನುವಾರ ಅಪ್ಪ ಪ್ಲೇಟನ್ನು ಬೆಳಕಿಗೆ ಹಿಡಿದರು. ಅವರು ಏನೂ ಕೇಳುವ ಮೊದಲೇ ನಾನು, "ಬೆಕ್ಕಪ್ಪಾ! ಪೆಟ್ಟಿಗೆಯೊಳಗೆ ಹೊಕ್ಕು ಕೆರೀತಿತ್ತು, ನಾನೇ ಓಡಿಸಿದೆ" ಎಂದೆ. ಅಪ್ಪ ಪೆಟ್ಟಿಗೆಯನ್ನು ನೋಡಿದರು. ಒಲೆಯ ಪಕ್ಕ ಮಲಗಿದ್ದ ಬೆಕ್ಕನ್ನು ನೋಡಿದರು. ನನ್ನನ್ನೂ ನೋಡಿದರು. ಆಮೇಲೆ ಪ್ಲೇಟು ಹಾಕಿದರು. ಪಿಟೀಲಿನ ಜೊತೆಗೆ ಟಿಕ್, ಟಿಕ್, ಟಿಕ್. ಸುತ್ತಿಗೊಂದು. "ಪಾಪ, ಇವರಿಗೆ ತಾಳ ಹಾಕೋರು ಇರಲಿಲ್ಲ. ಈಗ ಬಂದ್ರು" ಎಂದು ನಕ್ಕರು. ಬೆಕ್ಕಿಗೆ ಆ ರಾತ್ರಿಯೂ ಎಂದಿನಂತೆ ಹಾಲು ಬಿತ್ತು.

ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ನಾಲ್ಕು ನಿಮಿಷ. ಅಂದರೆ ಬದಿಗೆ ಮುನ್ನೂರ ಹನ್ನೆರಡು ಟಿಕ್. ಮುಂದೆ ಗ್ರಾಮಫೋನಿನ ಸ್ಪ್ರಿಂಗ್ ಮುರಿಯುವವರೆಗೂ ಪ್ರತಿ ಭಾನುವಾರ ನಾನು ಅದನ್ನು ಕೇಳಿದೆ. ನನ್ನ ಬೆರಳಿಗೆ ಅಂಟಿದ್ದು ಆ ತಾಳವೇ.

ಅಪ್ಪ 1994ರಲ್ಲಿ ಹೋದರು. ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ಅವರ ಪಕ್ಕ ಕೂತಿದ್ದೆ. ಪಿಂಚಣಿ ಮಾತಾಡಿದೆವು, ಮನೆ ಕಂದಾಯ ಮಾತಾಡಿದೆವು. ಬೆಕ್ಕಿನ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಇಷ್ಟು ಹಳೆಯದನ್ನು ಈಗ ಯಾಕೆ ಕೆದಕುವುದು, ಅವರು ನಂಬಿದ್ದಾರಲ್ಲ ಎಂದುಕೊಂಡೆ.

ಮೊನ್ನೆ ಇಷ್ಟನ್ನೂ ಕೇಳಿದ ಮೊಮ್ಮಗಳು ಪೆಟ್ಟಿಗೆ ನೋಡಬೇಕು ಎಂದಳು. ಅಟ್ಟದಿಂದ ಇಳಿಸಿಕೊಟ್ಟೆ. ಧೂಳು ಒರೆಸಿ ಕೊಕ್ಕೆಗೆ ಕೈ ಹಾಕಿದಳು. ಬರಲಿಲ್ಲ. ಎರಡು ಕೈಯಲ್ಲಿ ಹಿಡಿದು, ಉಸಿರು ಕಟ್ಟಿ ಎಳೆದಳು. ಟಕ್ ಎಂದು ಬಿಟ್ಟಿತು. ಒಂದು ಕ್ಷಣ ಸುಮ್ಮನಿದ್ದು, "ತಾತಾ, ಇದನ್ನ ಬೆಕ್ಕು ಹೇಗೆ ತೆಗೀತು?" ಎಂದಳು.

ನಾನು ಬಿಕಾಂ ಓದಿದವನು. 1972ರಿಂದ 38 ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದವನು. ಒಂದು ಪೈಸೆ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೂ ಕೂತು ಹುಡುಕಿದವನು. ಈ ಲೆಕ್ಕವನ್ನು ಮಾತ್ರ ಒಮ್ಮೆಯೂ ತಾಳೆ ನೋಡಿರಲಿಲ್ಲ. ಕೊಕ್ಕೆಯನ್ನು ದಿನಾ ಬಿಗಿಯುತ್ತಿದ್ದವರೇ ಅಪ್ಪ. ಆ ಭಾನುವಾರ ಅದನ್ನು ತೆಗೆದವರೂ ಅವರೇ. ಅವರಿಗೆ ಮೊದಲ ದಿನವೇ ಗೊತ್ತಿತ್ತು. ಮೂವತ್ತಮೂರು ವರ್ಷ ಕಾದರು, ಕೇಳಲಿಲ್ಲ. ಆ ಹನ್ನೊಂದು ರಾತ್ರಿಯೂ ಕಾದಿದ್ದರೇನೋ.

"ಮುತ್ತಾತಂಗೆ ಗೊತ್ತಿತ್ತು ಅಲ್ವಾ?" ಎಂದಳು. ಹೌದು ಎಂದು ತಲೆಯಾಡಿಸಿದೆ, ಮಾತು ಹೊರಡಲಿಲ್ಲ. ಅಪ್ಪನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆದಿದ್ದೇನೆ. ಅಪ್ಪಾ, ಬೆಕ್ಕಲ್ಲ, ನಾನು.

ಅವಳು ಪ್ಲೇಟನ್ನು ಹುಷಾರಾಗಿ ಪಂಚೆಯಲ್ಲಿ ಸುತ್ತಿಟ್ಟು, ಮೊಬೈಲು ಎತ್ತಿಕೊಂಡಳು. "ಇನ್ನೊಂದ್ಸಲ ಮೊದಲಿಂದ ಹಾಕ್ತೀನಿ ತಾತಾ. ತಾಳ ನೀನು ಹಾಕು."